ಅಳತೆಗೆ ಹೊಲಿದ ಕಲನಶಾಸ್ತ್ರ

ಬಾಯಲ್ಲಿ ಬಿಸ್ಕತ್ತು ಇರುವಾಗ ಸಭೆಯಲ್ಲಿ ಮಾತಾಡಬಾರದು. ನಮ್ಮ ಗಣಿತದ ಮೇಷ್ಟ್ರು ಮಾತಾಡಿದರು.

ಸಭೆ ಸೇರಿದ್ದು ಸಂಸ್ಥೆಯ ಮೇಲಿನ ಮಹಡಿಯಲ್ಲಿ. ಹಗಲೆಲ್ಲ ದುಡಿದು ಬಿಡುವಿನಲ್ಲಿ ಓದುವವರಿಗೆ ಅಂಚೆಯಲ್ಲಿ ಪಾಠ ಕಳಿಸುವ ಸಂಸ್ಥೆ ಅದು. ಇನ್ನು ಅಂಚೆ ಸಾಕು, ಪಾಠಗಳೆಲ್ಲ ವೆಬ್ ಪುಟಗಳಾಗಿ ನೇರ ವಿದ್ಯಾರ್ಥಿಗಳ ಫೋನಿಗೇ ಹೋಗಲಿ ಎಂದು ನಿರ್ದೇಶಕರು ಅಪ್ಪಣೆ ಮಾಡಿದ್ದರು. ಇತಿಹಾಸ ಹೋಗಿತ್ತು. ವಾಣಿಜ್ಯ ಹೋಗಿತ್ತು. ಉಳಿದದ್ದು ಗಣಿತ. ಕಂಪ್ಯೂಟರ್ ವಿಭಾಗಕ್ಕೆಂದು ಇದ್ದ ಒಬ್ಬನೇ ನೌಕರ ಗಣಿತದ ವರ್ಡ್ ಫೈಲನ್ನು ತೆರೆದು ನೋಡಿದ ಮರುದಿನದಿಂದ ರಜೆಯ ಮೇಲಿದ್ದ. ಎರಡಕ್ಕೂ ಸಂಬಂಧವಿದೆಯೆಂದು ಯಾರೂ ಸಾಧಿಸಿ ತೋರಿಸಿರಲಿಲ್ಲ, ಅಷ್ಟೇ.

"ಯಾವ ಫೋನಲ್ಲಿ ತೆರೆದ್ರೂ ಪುಟ ಆ ಫೋನಿಗೆ ತಕ್ಕ ಹಾಗೆ ಹೊಂದ್ಕೋಬೇಕು ಕಣ್ರೀ," ಅಂದರು ನಿರ್ದೇಶಕರು. "ಫೋನ್ ಎಷ್ಟಗಲವೋ ಪುಟ ಅಷ್ಟಗಲ. ಯಾರಿಗೆ ಬರುತ್ತೆ ಈ ಕೆಲಸ?"

ಹಿಂದಿನ ವಾರವಷ್ಟೇ ಮೇಷ್ಟ್ರು ವರ್ಡಿನ ಮೆನುವಿನಲ್ಲಿ 'ವೆಬ್ ಪುಟವಾಗಿ ಉಳಿಸಿ' ಎಂಬ ಸಾಲನ್ನು ಕಂಡಿದ್ದರು. ಒತ್ತಿರಲಿಲ್ಲ. ಕಂಡಿದ್ದರು.

"ಅದೇನು ಮಹಾ ಸಾರ್, ಒಂದು ಗುಂಡಿ ಒತ್ತಿದ್ರೆ ಆಯ್ತು."

ಬಿಸ್ಕತ್ತಿನ ಪುಡಿ ಪಕ್ಕದಲ್ಲಿದ್ದ ಇತಿಹಾಸದವರ ಮೇಲೆ ಬಿತ್ತು. ಕೆಲಸ ಮೇಷ್ಟ್ರ ಮೇಲೆ ಬಿತ್ತು.

"ಒಳ್ಳೇದಾಯ್ತು," ಅಂದರು ನಿರ್ದೇಶಕರು. "ತಿಂಗಳ ಕೊನೆಗೆ ವಿಶ್ವವಿದ್ಯಾಲಯದ ಅಧಿಕಾರಿ ಬರ್ತಾರೆ. ಅವರ ಫೋನಲ್ಲಿ ನಿಮ್ಮ ಕಲನಶಾಸ್ತ್ರ ಓದೋಕೆ ಬರ್ಲಿಲ್ಲ ಅಂದ್ರೆ ಕೋರ್ಸೇ ಮುಚ್ತಾರೆ. ಮುಚ್ಚಿದ್ರೆ ಚಿಂತೆ ಇಲ್ಲ, ಉತ್ತರ ಪತ್ರಿಕೆ ಉಗ್ರಾಣದಲ್ಲಿ ಒಂದು ಕುರ್ಚಿ ಖಾಲಿ ಇದೆ."

ಮೇಷ್ಟ್ರಿಗೆ ಬಿಸ್ಕತ್ತು ಗಂಟಲಲ್ಲಿ ನಿಂತಿತು. ಉಗ್ರಾಣವೆಂದರೆ ಮೆಟ್ಟಿಲ ಕೆಳಗಿನ ಕೋಣೆ. ಕಿಟಕಿಯಿಲ್ಲ, ಫ್ಯಾನಿಲ್ಲ, ಸೂರಿನವರೆಗೂ ಹಳೆಯ ಪತ್ರಿಕೆಗಳ ಗಂಟುಗಳು. ಅಲ್ಲಿ ಹಿಂದೆ ಕೂತಿದ್ದವರು ನಿವೃತ್ತರಾಗಿ ಹೊರಬಂದಾಗ ಸ್ವಂತ ಹೆಂಡತಿಯನ್ನು ನೋಂದಣಿ ಸಂಖ್ಯೆ ಏನೆಂದು ಕೇಳಿದ್ದರೆಂದು ಸಂಸ್ಥೆಯಲ್ಲಿ ಹೇಳುತ್ತಿದ್ದರು.

ಮೇಷ್ಟ್ರು ಗುಂಡಿ ಒತ್ತಿದರು. ತಮ್ಮ ದೊಡ್ಡ ಪರದೆಯಲ್ಲಿ ಮೊದಲ ಪುಟದ ಮೊದಲ ಸಾಲನ್ನು ನೋಡಿ ತೃಪ್ತರಾಗಿ, ಸಂಸ್ಥೆಯ ತಾಣಕ್ಕೆ ಏರಿಸಿ, ಕೈ ತೊಳೆದುಕೊಂಡು ಊಟಕ್ಕೆ ಕೂತರು. ಅರ್ಧ ಊಟದಲ್ಲಿ ನಿರ್ದೇಶಕರ ಕರೆ ಬಂತು.

"ಏನ್ರೀ ಮೇಷ್ಟ್ರೇ, ನಿಮ್ಮ ಪಾಠದಲ್ಲಿ ಸೋಫಾ ಅಂಗಡಿಯವನ ನಂಬರ್ ಯಾಕ್ರೀ ಇದೆ?"

ಇರಲಿಲ್ಲ. ಇದ್ದದ್ದು ಒಂದು ಮ್ಯಾಟ್ರಿಕ್ಸ್. ಮೂರು ಸಾಲಿನಲ್ಲಿ ಶಿಸ್ತಾಗಿ ನಿಂತಿದ್ದ ಅಂಕಿಗಳು ಫೋನಿನಲ್ಲಿ ಒಂದರ ಬೆನ್ನಿಗೊಂದು ಅಂಟಿಕೊಂಡು ಒಂದೇ ಸಾಲಿನಲ್ಲಿ ಮಲಗಿಬಿಟ್ಟಿದ್ದವು. ಫೋನು ಅದನ್ನು ನಂಬರೆಂದು ತಿಳಿಯಿತು, ನಿರ್ದೇಶಕರ ಬೆರಳು ತಾಗಿತು, ಕರೆ ಹೋಯಿತು. "ಬೇಡಪ್ಪಾ ಅಂದ್ರೂ ಬಿಡ್ತಿಲ್ಲ ಅವನು. ನಾಳೆ ಮನೆಗೇ ಬಂದು ಅಳತೆ ತಗೋತಾನಂತೆ!"

ಭಿನ್ನರಾಶಿಗಳ ಗತಿಯೂ ಅದೇ. ಮೇಲಿದ್ದದ್ದು ಮೇಲಿರಲಿಲ್ಲ, ಕೆಳಗಿದ್ದದ್ದು ಪಕ್ಕದಲ್ಲಿತ್ತು, ನಡುವಿನ ಗೆರೆ ಒಂಟಿಯಾಗಿ ಮುಂದಿನ ಸಾಲಿನಲ್ಲಿ ಬಿದ್ದಿತ್ತು. ಇದರ ಮೂಲ ಹುಡುಕಲು ಟೈಪಿಸ್ಟ್ ಅಕ್ಕನ ಮೇಜಿನವರೆಗೆ ಹೋಗಬೇಕು.

ಆ ಪಾಠಗಳನ್ನೆಲ್ಲ ಟೈಪು ಮಾಡಿದವರು ಆಕೆಯೇ. ವರ್ಡಿನಲ್ಲಿ ಸಮೀಕರಣ ಬರೆಯಲೆಂದೇ ಒಂದು ಸಲಕರಣೆ ಇದೆ; ಅದನ್ನು ಆಕೆ ಒಮ್ಮೆಯೂ ಮುಟ್ಟಿರಲಿಲ್ಲ, ಮೇಷ್ಟ್ರು ಮುಟ್ಟಲು ಹೇಳಿಯೂ ಇರಲಿಲ್ಲ. ಸಮ ಚಿಹ್ನೆಯ ಕೆಳಗೆ ಸಮ ಚಿಹ್ನೆ ಬರುವವರೆಗೆ ಸ್ಪೇಸ್ ಬಾರನ್ನು ಟಕಟಕ ಒತ್ತುವುದು ಆಕೆಯ ಪದ್ಧತಿ. ಕಾಗದದ ಮೇಲೆ ಅದು ಅಚ್ಚುಕಟ್ಟಾಗಿ ಬರುತ್ತಿತ್ತು. ಬೇರೆ ವಿಭಾಗದವರು ಬಂದು ನೋಡಿ ಹೋಗುತ್ತಿದ್ದರು.

"ನನ್ನ ಜಾಗಗಳನ್ನೆಲ್ಲ ಏನ್ಮಾಡಿದ್ರಿ ಸಾರ್?" ಆಕೆ ತಮ್ಮ ಫೋನನ್ನು ಮೇಷ್ಟ್ರ ಮೂಗಿಗೆ ಹಿಡಿದರು.

"ನಾನೇನೂ ಮಾಡಿಲ್ಲ ಅಕ್ಕಾ. ವೆಬ್ಬಿನಲ್ಲಿ ಒಂದರ ಪಕ್ಕ ಒಂದು ಎಷ್ಟು ಜಾಗ ಬಿಟ್ರೂ ಎಲ್ಲಾ ಸೇರಿ ಒಂದೇ ಅಂತ ಹಿಡಿಯುತ್ತಂತೆ."

"ಯಾರನ್ನ ಕೇಳಿ ಹಾಗೆ ಹಿಡಿಯುತ್ತೆ? ಈ ಹೆಬ್ಬೆರಳು ನೋಡಿ. ಡಾಕ್ಟ್ರು ಕೇಳಿದ್ರು, ಏನಮ್ಮಾ ಕಲ್ಲು ಒಡೆಯೋ ಕೆಲಸಾನಾ ಅಂತ. ಅಕ್ಷರ ಹೋಗಿದ್ರೆ ಸುಮ್ನೆ ಇರ್ತಿದ್ದೆ ಸಾರ್, ಅಕ್ಷರ ನಿಮ್ಮದು. ಜಾಗ ನಂದು. ವಾಪಸ್ ತರಿಸಿ!"

ಈ ಹಂತದಲ್ಲಿ ಬುದ್ಧಿಯಿದ್ದವರು ಯಾರನ್ನಾದರೂ ಕೇಳುತ್ತಿದ್ದರು. ಆದರೆ ಕೇಳಿದರೆ ಗೊತ್ತಿಲ್ಲವೆಂಬುದು ಗೊತ್ತಾಗುತ್ತದೆ. ಮೇಷ್ಟ್ರು ಕೇಳಲಿಲ್ಲ. ಅವರ ಬಳಿ ನಿರ್ದೇಶಕರ ಒಂದು ವಾಕ್ಯವಿತ್ತು: ಫೋನ್ ಎಷ್ಟಗಲವೋ ಪುಟ ಅಷ್ಟಗಲ. ಗಣಿತದವರಿಗೆ ಇಂಥದ್ದೊಂದು ವಾಕ್ಯ ಸಿಕ್ಕರೆ ಸಾಕು, ಅದನ್ನು ಹಿಡಿದುಕೊಂಡು ಪಾತಾಳದವರೆಗೂ ನಡೆಯುತ್ತಾರೆ. ಪುಟದ ಅಗಲ ತಿಳಿಯಬೇಕಾದರೆ ಫೋನಿನ ಅಗಲ ತಿಳಿಯಬೇಕು. ಫೋನಿನ ಅಗಲ ತಿಳಿಯಬೇಕಾದರೆ ಅಳೆಯಬೇಕು. ಆದ್ದರಿಂದ ಮೇಷ್ಟ್ರು ಜ್ಯಾಮಿತಿ ಪೆಟ್ಟಿಗೆಯಿಂದ ಸ್ಕೇಲು ತೆಗೆದರು.

ಮೊದಲು ಸಿಕ್ಕಿದ್ದು ಹೆಂಡತಿಯ ಫೋನು. ಅದು ಕಿವಿಯಲ್ಲಿತ್ತು, ತಂಗಿಯ ಜೊತೆ ಮಾತು ನಡೆದಿತ್ತು.

"ರೀ! ಕಿವಿಗೇನ್ರೀ ಸ್ಕೇಲ್ ಇಡ್ತಿದ್ದೀರಾ?"

"ನೀನು ಮಾತಾಡ್ತಿರು. ನಾನು ಅಗಲ ನೋಡ್ಕೊಂಡು ಹೋಗ್ತೀನಿ."

"ಏನಿಲ್ಲ ಕಣೇ, ನಿನ್ನ ಭಾವ," ಅಂದಳು ಹೆಂಡತಿ ಫೋನಿಗೆ. "ಸ್ಕೇಲ್ ತಂದು ಕಿವಿ ಅಳೀತಿದ್ದಾರೆ... ಓಲೆಗಾ? ಅಯ್ಯೋ, ಅಷ್ಟು ಪುಣ್ಯ ಎಲ್ಲಿಂದ ಬಂತು... ರೀ, ಓಲೆಗಾ ಅಂತ ಕೇಳ್ತಿದ್ದಾಳೆ."

"ಕಲನಶಾಸ್ತ್ರಕ್ಕೆ."

"ಕಲನಶಾಸ್ತ್ರಕ್ಕಂತೆ. ಹೂಂ, ಇಡ್ತೀನಿ. ಆಮೇಲೆ ಮಾಡ್ತೀನಿ."

ನಡುಮನೆಯಲ್ಲಿ ಮಾವ ಕೂತಿದ್ದರು. ಅವರ ಫೋನು ರಬ್ಬರ್ ಕವಚದೊಳಗೆ, ರಬ್ಬರ್ ಕವಚ ಚರ್ಮದ ಚೀಲದೊಳಗೆ, ಚರ್ಮದ ಚೀಲ ಪ್ಲಾಸ್ಟಿಕ್ ಹೊದಿಕೆಯೊಳಗೆ.

"ಬಿಚ್ಚಿದ್ರೆ ಒಳಗೆ ಧೂಳು ಹೋಗುತ್ತೆ ಅಳಿಯಂದ್ರೇ. ಮೇಲಿಂದಲೇ ಅಳೀರಿ."

"ಮೇಲಿಂದ ಅಳೆದ್ರೆ ಇಟ್ಟಿಗೆ ಅಗಲ ಬರ್ತಿದೆ ಮಾವ."

"ಬರ್ಲಿ. ದೊಡ್ಡ ಪುಟ ಕೊಡಿ. ನನಗೂ ಕಣ್ಣು ಮಂಜು."

ಮನೆಯ ಫೋನುಗಳು ಮುಗಿದ ಮೇಲೆ ಮೇಷ್ಟ್ರು ಬೀದಿಗಿಳಿದರು. ಸ್ಕೇಲು ಹಿಡಿದು ಮನೆ ಮನೆಗೆ ಬಂದು "ಸ್ವಲ್ಪ ಫೋನ್ ಕೊಡಿ, ಅಗಲ ಬರ್ಕೋಬೇಕು" ಎನ್ನುವ ಮನುಷ್ಯನ ಬಗ್ಗೆ ಬೀದಿ ಏನು ತಿಳಿಯಬೇಕೋ ಅದನ್ನೇ ತಿಳಿಯಿತು. ಅಗಲ ಫೋನುಗಳಿಗೆ ತೆರಿಗೆ ಬರಲಿದೆಯೆಂಬ ಸುದ್ದಿ ಅವರಿಗಿಂತ ಒಂದು ಮನೆ ಮುಂದೆ ಓಡುತ್ತಿತ್ತು. ಮೂಲೆ ಮನೆಯ ಗುಮಾಸ್ತರು ಬಾಗಿಲನ್ನು ಒಂದು ಗೇಣು ತೆರೆದು, "ನಮ್ಮನೇಲಿ ಫೋನೇ ಇಲ್ಲ," ಅಂದರು. ಅವರ ಅಂಗಿಯ ಜೇಬು ಜೋರಾಗಿ ಹಾಡತೊಡಗಿತು.

"ಫೋನು ಬಡ್ಕೊಳ್ತಿದೆಯಲ್ಲಾ."

"ಪಕ್ಕದ ಮನೇದು."

"ನಿಮ್ಮ ಜೇಬಲ್ಲಿ ದೀಪ ಬೇರೆ ಉರೀತಿದೆ."

"ನನಗೆ ಎದೆನೋವು ಸ್ವಾಮೀ, ಹೋಗಿ," ಎಂದು ಬಾಗಿಲು ಹಾಕಿಕೊಂಡರು.

ಬೀದಿಯ ಕೊನೆಗೆ ಟೈಲರ್ ಅಂಗಡಿ. ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡವನಿಗೆ ಸ್ಕೇಲು ಹಿಡಿದುಕೊಂಡವರನ್ನು ಕಂಡರೆ ಸಹಜವಾಗಿಯೇ ಒಂದು ಬಂಧುತ್ವ ಹುಟ್ಟುತ್ತದೆ. ಟೈಲರ್ ಯಂತ್ರ ನಿಲ್ಲಿಸಿ, ಸ್ಟೂಲು ಕೊಟ್ಟು, ಕಥೆಯನ್ನು ಪೂರ್ತಿ ಕೇಳಿದ.

"ಮೇಷ್ಟ್ರೇ, ಒಬ್ಬೊಬ್ಬರಿಗೆ ಒಂದೊಂದು ಹೊಲೀತಾ ಕೂತ್ರೆ ಈ ಜನ್ಮದಲ್ಲಿ ಮುಗಿಯುತ್ತಾ? ಸಣ್ಣದು, ನಡುವಿಂದು, ದೊಡ್ಡದು. ಮೂರೇ ಅಳತೆ ಇಟ್ಕೊಳ್ಳಿ. ಯಾರಿಗೆ ಯಾವುದು ಹತ್ತುತ್ತೋ ಹಾಕ್ಕೋತಾರೆ. ಹತ್ತದವರು ಸಣ್ಣಗಾಗ್ತಾರೆ."

ಮೇಷ್ಟ್ರಿಗೆ ಕಣ್ಣು ತೆರೆದ ಹಾಗಾಯಿತು. ಜಾಗಗಳು ಓಡಿಹೋಗದಿರಲು ಉಪಾಯವನ್ನು ಅವರು ತಾವೇ ಕಂಡುಹಿಡಿದಿದ್ದರು: ಪಾಠವನ್ನು ಕಾಗದದ ಮೇಲೆ ಮುದ್ರಿಸಿ, ಅಳತೆಗೆ ಕತ್ತರಿಸಿ ಅಂಟಿಸಿ, ಅದರ ಚಿತ್ರ ತೆಗೆದು ಏರಿಸುವುದು. ಚಿತ್ರದೊಳಗಿಂದ ಖಾಲಿ ಜಾಗ ಎಲ್ಲಿಗೆ ಓಡೀತು? ಮನೆಯ ಕತ್ತರಿ ಮೊಂಡಾಗಿತ್ತು. ಟೈಲರ್ ತನ್ನದನ್ನು ತೆಗೆದ.

ಅಂಗಡಿಯ ಮೇಜಿನ ಮೇಲೆ, ಯಾರದೋ ಅರ್ಧ ಪ್ಯಾಂಟನ್ನು ಪಕ್ಕಕ್ಕೆ ಸರಿಸಿ, ಕಲನಶಾಸ್ತ್ರವನ್ನು ಹಾಸಿದರು. ಟೈಲರ್ ಸೀಮೆಸುಣ್ಣದಲ್ಲಿ ಗೆರೆ ಎಳೆದ.

"ಗೆರೆಯಿಂದ ಆಚೆ ಯಾಕಪ್ಪಾ ಕತ್ತರಿಸ್ತೀಯಾ?"

"ಒಳಗಡೆ ಸ್ವಲ್ಪ ಬಿಟ್ಟಿರ್ತೀನಿ. ಮುಂದೆ ದಪ್ಪ ಆದ್ರೆ ಬಿಚ್ಕೋಬಹುದು."

"ಸಮೀಕರಣ ದಪ್ಪ ಆಗಲ್ಲ."

"ಎಲ್ರೂ ಮೊದಲು ಹಾಗೇ ಹೇಳ್ತಾರೆ."

ಎರಡನೇ ಅಧ್ಯಾಯದಲ್ಲಿ ಒಂದು ಉದ್ದನೆಯ ಸಮೀಕರಣ ಯಾವ ಅಳತೆಗೂ ಒಗ್ಗಲಿಲ್ಲ. ಟೈಲರ್ ನಡುವೆ ಕತ್ತರಿ ಇಟ್ಟ.

"ಅಯ್ಯೋ, ಅದು ಸಮ ಚಿಹ್ನೆ! ಅದರ ಮೇಲೆ ಕತ್ತರಿ ಹಾಕ್ಬೇಡ!"

"ಹಾಗಾದ್ರೆ ಎರಡೂ ಕಡೆಯಿಂದ ಒಂದೇ ಸಮ ತೆಗೀಲಾ?"

ಎರಡೂ ಕಡೆಯಿಂದ ಸಮನಾಗಿ ತೆಗೆದರೆ ಸಮೀಕರಣಕ್ಕೆ ಏನೂ ಆಗುವುದಿಲ್ಲವೆಂದು ಮೊದಲ ಪಾಠದಲ್ಲೇ ಬರೆದಿದ್ದ ಮೇಷ್ಟ್ರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಟೈಲರ್ ತೆಗೆದ.

ಅಂತೂ ಮೂರು ಅಳತೆಯ ಕಲನಶಾಸ್ತ್ರ ತಾಣಕ್ಕೇರಿತು. ಯಾರಿಗೆ ಯಾವ ಅಳತೆ ಎಂದು ತಿಳಿಯಲು ಮೇಷ್ಟ್ರು ಮುಖಪುಟದಲ್ಲಿ ಒಂದೇ ಒಂದು ಪ್ರಶ್ನೆ ಹಾಕಿ, ಕೆಳಗೆ ಉತ್ತರಕ್ಕೆ ಚೌಕ ಬಿಟ್ಟರು: 'ನಿಮ್ಮ ಫೋನಿನ ಅಗಲ ಎಷ್ಟು?' ಯಾಕೆ ಕೇಳುತ್ತಿದ್ದೇನೆಂದು ಬರೆಯಬೇಕೆಂಬುದು ಅವರಿಗೆ ಹೊಳೆಯಲೇ ಇಲ್ಲ. ಗಣಿತದ ಕೋರ್ಸಿನ ಮೊದಲ ಪುಟದಲ್ಲಿ ಪ್ರಶ್ನೆ ಕಂಡರೆ ವಿದ್ಯಾರ್ಥಿಗಳು ಏನು ಮಾಡುತ್ತಾರೆ? ಬಿಡಿಸುತ್ತಾರೆ.

ಉತ್ತರಗಳು ಬಂದವು. ಆಸ್ಪತ್ರೆಯ ನರ್ಸ್ ಒಬ್ಬರು ಅಗಲವನ್ನು ದಶಮಾಂಶದ ಕೊನೆಯವರೆಗೆ ಕೊಟ್ಟು, ಫೋನಿನ ಜ್ವರವನ್ನೂ ನೋಡಿ ಕಳಿಸಿದ್ದರು. ಕಾವಲುಗಾರನೊಬ್ಬ, "ಕವರ್ ಸಹಿತವೋ ರಹಿತವೋ ಪ್ರಶ್ನೆಯಲ್ಲಿ ಸ್ಪಷ್ಟವಿಲ್ಲ, ಗ್ರೇಸ್ ಅಂಕ ಕೊಡಿ," ಎಂದಿದ್ದ. ಮತ್ತೊಬ್ಬರ ಉತ್ತರ ಹೀಗಿತ್ತು: 'ಫೋನಿನ ಅಗಲ x ಆಗಿರಲಿ. ಆದ್ದರಿಂದ ಅಗಲ = x. ಸಾಧಿಸಲಾಗಿದೆ.' ಇದು ಪಠ್ಯಕ್ರಮದಲ್ಲಿಲ್ಲವೆಂದು ಕೆಲವರು ನೇರ ನಿರ್ದೇಶಕರಿಗೇ ದೂರು ಕೊಟ್ಟರು.

"ಇಡೀ ಬ್ಯಾಚು ಫೋನ್ ಅಳೀತಾ ಕೂತಿದೆಯಲ್ರೀ!" ನಿರ್ದೇಶಕರು ಮೇಜು ಗುದ್ದಿದರು. "ಒಬ್ಬನೂ ಎರಡನೇ ಪುಟಕ್ಕೆ ಹೋಗಿಲ್ಲ! ಅಧಿಕಾರಿ ಇನ್ನೇನು ಬರೋ ಹೊತ್ತು!"

"ಹೋಗ್ತಾರೆ ಸಾರ್. ಮೌಲ್ಯಮಾಪನ ಮಾಡಿಬಿಡ್ತೀನಿ."

"ಯಾವುದರ ಮೌಲ್ಯಮಾಪನ?"

ಆಗಷ್ಟೇ ಬಂದ ಒಬ್ಬ ಬಸ್ ಕಂಡಕ್ಟರನ ಉತ್ತರವನ್ನು ಓದುತ್ತ ಮೇಷ್ಟ್ರ ಮುಖ ಸುಣ್ಣವಾಗುತ್ತಿತ್ತು. 'ಫೋನನ್ನು ನೇರ ಹಿಡಿದರೆ ಒಂದು ಅಗಲ, ಅಡ್ಡ ಹಿಡಿದರೆ ಇನ್ನೊಂದು. ಎರಡು ಮೂಲಗಳು ಬರುತ್ತವೆ. ಎರಡನ್ನೂ ಬರೆದಿದ್ದೇನೆ, ಪೂರ್ಣ ಅಂಕ ಕೊಡಬೇಕಾಗಿ ವಿನಂತಿ.'

ಫೋನನ್ನು ಅಡ್ಡ ಹಿಡಿಯಬಹುದು ಎಂಬುದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ತಮ್ಮ ಫೋನನ್ನು ತಿರುಗಿಸಿದರು. ಚಿತ್ರ ಉಬ್ಬಿತು. ಪಾಠ ಮಾಯವಾಯಿತು. ಪರದೆಯ ತುಂಬ ಒಂದೇ ಒಂದು ಅನುಕಲನದ ಚಿಹ್ನೆ, ಆ ಉದ್ದನೆಯ ಡೊಂಕು ಗೆರೆ, ಹೆಡೆಯೆತ್ತಿ ನಿಂತಿತು.

ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಅಧಿಕಾರಿ ಬಂದರು.

ಅಧಿಕಾರಿ ಗಂಭೀರ ಮನುಷ್ಯ. ಕುರ್ಚಿಯ ಧೂಳು ಒರೆಸಿ ಕೂತು, ಜೇಬಿನಿಂದ ಫೋನು ತೆಗೆದು, ತಾಣ ತೆರೆದರು. ಪ್ರಶ್ನೆ ಓದಿದರು. ಸ್ಕೇಲು ಕೇಳಿದರು. ಮೇಷ್ಟ್ರು ಕೊಟ್ಟರು. ಅಳೆದರು, ಉತ್ತರ ಬರೆದರು, ಮತ್ತೊಮ್ಮೆ ಅಳೆದು ತಾಳೆ ನೋಡಿದರು. ನಡುವಿನ ಅಳತೆಯ ಪುಟ ತೆರೆಯಿತು. ಎಳೆದು ಕೂರಿಸಿದ ಹಾಗೆ, ಅಂಚಿನಿಂದ ಅಂಚಿಗೆ! ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟ್ ಅಕ್ಕ ಕಣ್ಣು ಒರೆಸಿಕೊಂಡರು. ಆಕೆಯ ಜಾಗಗಳೆಲ್ಲ ಇದ್ದವು.

"ಚೆನ್ನಾಗಿದೆ," ಅಂದರು ಅಧಿಕಾರಿ. "ನೋಡಿ ನಿರ್ದೇಶಕರೇ," ಎಂದು ಫೋನನ್ನು ಆ ಕಡೆ ತಿರುಗಿಸಲು ಹೋದರು.

"ತಿರುಗಿಸ್ಬೇಡಿ!"

ಮೇಷ್ಟ್ರು ಹಾರಿ ಅಧಿಕಾರಿಯ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ನಿರ್ದೇಶಕರು ಕಣ್ಣು ಮುಚ್ಚಿಕೊಂಡರು.

"ಕೈ ಬಿಡ್ರೀ!"

"ಬಿಟ್ರೆ ನೀವು ತಿರುಗಿಸ್ತೀರಿ ಸಾರ್. ಹೀಗೇ ಇರಿ. ಏನೂ ಆಗಲ್ಲ. ನಾನು ಓದಿ ಹೇಳ್ತೀನಿ."

"ಇದು ಹಾವಲ್ವೇನ್ರೀ?" ಪುಟದಲ್ಲಿದ್ದ ಅನುಕಲನದ ಚಿಹ್ನೆ ಕಂಡು ಅಧಿಕಾರಿಯ ದನಿ ಯಾಕೋ ಸಣ್ಣಗಾಗಿತ್ತು. "ಓದೋ ಕಾಲದಲ್ಲಿ ಇದನ್ನ ನೋಡೇ ನಾನು ಗಣಿತ ಬಿಟ್ಟಿದ್ದು."

"ಹಾವೂ ಅಲ್ಲ, ಹಲ್ಲೀನೂ ಅಲ್ಲ ಸಾರ್. ಇಲ್ಲಿ ಡೊಂಕು ಅಂಚಿನ ಒಂದು ಹೊಲ ಇದೆ ಅಂದ್ಕೊಳ್ಳಿ. ಎಷ್ಟು ನೆಲ ಅಂತ ಹೇಗೆ ಹೇಳ್ತೀರಿ? ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಸೀಳಿ. ಒಂದು ಪಟ್ಟಿ ಅಳೆಯೋದು ಸುಲಭ ತಾನೇ? ಎಲ್ಲಾ ಪಟ್ಟಿ ಅಳೆದು ಕೂಡಿ. ಪಟ್ಟಿ ತೆಳ್ಳಗಾದಷ್ಟೂ ತಪ್ಪು ಕಮ್ಮಿ. ಆ ಕೂಡೋದಕ್ಕೆ ಈ ಗೆರೆ."

ಅಧಿಕಾರಿ ಇನ್ನೊಂದು ಕೈಯ ಬೆರಳಿಂದ ಗಾಳಿಯಲ್ಲಿ ನಾಲ್ಕು ಪಟ್ಟಿ ಸೀಳಿದರು. "ಅಷ್ಟೇನಾ?"

"ಅಷ್ಟೇ ಸಾರ್."

"ಇಷ್ಟಕ್ಕೆ ನಾನು ಬಿ.ಎ. ಮಾಡಿದ್ನಾ?"

ಮೇಷ್ಟ್ರು ಮೈಮರೆತು ಎರಡನೇ ಅಧ್ಯಾಯಕ್ಕೆ ಹೋದರು, ಮಣಿಕಟ್ಟು ಬಿಟ್ಟಿರಲಿಲ್ಲ. ಟೈಲರ್ ಎರಡೂ ಕಡೆ ತೆಗೆದಿದ್ದ ಸಮೀಕರಣ ಬಂದಾಗ ಇಲ್ಲದ್ದನ್ನು ಬಾಯಲ್ಲೇ ಹೇಳಿ ತುಂಬಿಸಿದರು. ಅಧಿಕಾರಿ ತಲೆದೂಗಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅಧಿಕಾರಿಯ ಕೈ ಜೋಮು ಹಿಡಿದು ಫೋನು ಜಾರಿ ಅಡ್ಡ ಬಿತ್ತು. ಹೆಡೆ ಎದ್ದಿತು. ಪಾಠ ಹೋಯಿತು.

"ಇದ್ಯಾಕ್ರೀ ಹೀಗೆ?"

ನಿರ್ದೇಶಕರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸ್ಕೇಲನ್ನು ನೋಡಿ, ನಡೆದದ್ದನ್ನೆಲ್ಲ ಹೇಳಿದರು. ಅಧಿಕಾರಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಯಾಕೆಂದರೆ ಟೈಲರನ ಪಾತ್ರವನ್ನು ಅವರು ಒಂದೇ ಸಲಕ್ಕೆ ನಂಬಲಿಲ್ಲ. ಆಮೇಲೆ ಅಲ್ಲೇ ಕೂತು ಆದೇಶ ಬರೆದರು:

'ಸದರಿ ಪುಟಗಳು ಅರ್ಥವಾಗುವುದಿಲ್ಲ. ಸದರಿ ಮೇಷ್ಟ್ರು ಅರ್ಥವಾಗುತ್ತಾರೆ. ಆದಕಾರಣ ಕೋರ್ಸನ್ನು ಮುಂದುವರಿಸತಕ್ಕದ್ದು. ಪುಟಗಳು ದುರಸ್ತಿಯಾಗುವವರೆಗೆ ಪ್ರತಿ ಪುಟದ ಅಡಿಯಲ್ಲಿ ಸದರಿಯವರ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ನಮೂದಿಸತಕ್ಕದ್ದು. ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಕರೆ ಮಾಡತಕ್ಕದ್ದು.'

ಹೀಗೆ ಕಲನಶಾಸ್ತ್ರ ಉಳಿಯಿತು. ಉಗ್ರಾಣದ ಕುರ್ಚಿ ಖಾಲಿಯೇ ಉಳಿಯಿತು. ಮೇಷ್ಟ್ರ ಮನೆಯಲ್ಲಿ ಮಾತ್ರ ನೆಮ್ಮದಿ ಉಳಿಯಲಿಲ್ಲ.

ರಜೆ ಮುಗಿಸಿ ಬಂದ ಕಂಪ್ಯೂಟರ್ ನೌಕರ ಕತ್ತರಿಸಿದ ಚಿತ್ರಗಳನ್ನು ನೋಡಿ ತಲೆ ಚಚ್ಚಿಕೊಂಡು, ಅವನ್ನು ಕಿತ್ತು, ಜಾಗ ಕಳೆದುಕೊಂಡ ಮೊದಲಿನ ಪುಟಗಳನ್ನೇ ಮತ್ತೆ ಹಾಕಿದ. ಅಗಲ ಹೊಂದಿಸಲು ಅವನು ಒಂದು ಸಾಲು ಬರೆದ. ಎಲ್ಲ ಫೋನಿಗೂ ಹೊಂದಿತು. ಆದರೆ ಸಮೀಕರಣಗಳನ್ನು ವರ್ಡಿನ ಆ ಸಲಕರಣೆಯಲ್ಲೇ ಒಂದೊಂದಾಗಿ ಮತ್ತೆ ಬರೆಯಬೇಕಿತ್ತು. ಟೈಪಿಸ್ಟ್ ಅಕ್ಕ ಅವನ ಪಕ್ಕ ಕೂತು ಕಲಿಯುತ್ತಿದ್ದಾರೆ. ಅವನು ಆ ಕಡೆ ತಿರುಗಿದಾಗಲೆಲ್ಲ ಸುಮ್ಮನೆ ಇರಲಿ ಎಂದು ಒಂದೆರಡು ಜಾಗ ಒತ್ತುತ್ತಾರೆ.

ಅಲ್ಲಿಯವರೆಗೆ ಬಿದ್ದುಹೋದ ಚಿಹ್ನೆಗಳೆಲ್ಲ ಎಲ್ಲಿವೆಯೆಂದು ಬಲ್ಲವರು ಜಗತ್ತಿನಲ್ಲಿ ಮೇಷ್ಟ್ರೊಬ್ಬರೇ. ಅವರು ಕ್ಷೌರಕ್ಕೆ ಕೂತಾಗ ನರ್ಸಮ್ಮನ ಕರೆ. ಸ್ನಾನಕ್ಕೆ ಹೋದರೆ ಹೆಂಡತಿ ಬಾಗಿಲು ತಟ್ಟುತ್ತಾಳೆ: "ರೀ, ಯಾರದೋ ಸಮ ಚಿಹ್ನೆ ಕಾಣ್ತಿಲ್ಲವಂತೆ!"

"ಕೆಳಗಿನ ಸಾಲಿಗೆ ಬಿದ್ದಿದೆ, ಎತ್ಕೊಳ್ಳೋಕೆ ಹೇಳೇ!"

"ಕೆಳಗಡೆ ಇದ್ಯಂತೆ ಕಣಪ್ಪಾ, ಎತ್ಕೊಳ್ಳಿ. ಹೂಂ. ಇಲ್ಲ, ಸೋಪು ಹಚ್ಕೊಂಡಿದ್ದಾರೆ."

ಮೊನ್ನೆ ಮೇಷ್ಟ್ರು ಹಾಲು ತರಲು ಹೊರಟವರು ಬೀದಿಯ ನಡುವೆ ಕಂಡಕ್ಟರನ ಕರೆಗೆ ಸಿಕ್ಕಿಬಿದ್ದರು. ಬಸ್ ಹೊರಡುವುದರೊಳಗೆ ಅವನಿಗೆ ಒಂದು ಭಿನ್ನರಾಶಿ ಅರ್ಥವಾಗಬೇಕಿತ್ತು. ಮೇಷ್ಟ್ರು ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈ ಬೀಸುತ್ತ ಕೂಗುತ್ತಿದ್ದರು.

"ಹಿಂದಕ್ಕೆ ಹೋಗಿ! ಇನ್ನೂ ಹಿಂದಕ್ಕೆ! ಗೆರೆ ಕಾಣ್ತಾ? ಗೆರೆ ದಾಟ್ಬೇಡಿ. ಈಗ ಸ್ವಲ್ಪ ಎಡಕ್ಕೆ. ಎಡಕ್ಕೆ ಕಣ್ರೀ! ಅದು ಬಲ! ಹಾಂ, ಬರ್ಲಿ, ಬರ್ಲಿ, ಇನ್ನೊಂಚೂರು... ನಿಲ್ಸಿ! ಅಲ್ಲೇ!"

ಅವರ ಬೆನ್ನ ಹಿಂದೆ ಒಂದು ಸಾಮಾನಿನ ವ್ಯಾನು, ಎರಡು ಕಂಬಗಳ ನಡುವಿನ ಸಂದಿಯಲ್ಲಿ, ಎಲ್ಲೂ ತಾಗದೆ ಬಂದು ನಿಂತಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ಮುಂದೆ ನೋಡಿ, ಎರಡೂ ಕೈ ಜೋಡಿಸಿದ.

"ಭಾರಿ ಉಪಕಾರ ಆಯ್ತು ಸಾರ್! ಇಲ್ಲಿ ಒಂದೇ ಸಲಕ್ಕೆ ಯಾವತ್ತೂ ಕೂತಿರ್ಲಿಲ್ಲ. ನಾಳೇನೂ ಮಾಲು ಇಳಿಸೋದಿದೆ, ಇದೇ ಹೊತ್ತಿಗೆ ಬರ್ತೀರಾ?"

ಫೋನಿನಲ್ಲಿ ಕಂಡಕ್ಟರನ ದನಿ ಅಳುವ ಹಾಗಾಗಿತ್ತು.

"ಯಾರ್ ಸಾರ್ ಅದು? ನಮ್ಮ ಬ್ಯಾಚಾ? ನಂದು ಇನ್ನೂ ಅಲ್ಲೇ ಬಿದ್ದಿದೆ, ಅವರದು ಹೇಗ್ ಸಾರ್ ಕೂತ್ಕೊಳ್ತು?"